ಬಣ್ಣದ ಹದ

ಮಂಡ್ಯದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹದವೆಂಬ ಮಾತಿನ ಅರ್ಥವನ್ನು ಬೇರೊಬ್ಬರು ಬಿಡಿಸಿ ಹೇಳಬೇಕಾದುದಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ಮಡ್ಡಿ ತೆಗೆಸಿಕೊಂಡು, ಬಣ್ಣ ತಿರುಗಿ, ಗುಳ್ಳೆಗಳು ದೊಡ್ಡವಾಗುತ್ತ ಬಂದು, ಇನ್ನು ಒಲೆಯಿಂದ ಇಳಿಸದಿದ್ದರೆ ಕೆಟ್ಟಿತೆನ್ನುವ ಆ ಒಂದು ಗಳಿಗೆಯನ್ನು ಅನುಭವಶಾಲಿಯಾದ ಒಕ್ಕಲಿಗನು ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಿನಲ್ಲಿ ಉರುಟಿ, ಮರುಮಾತಿಲ್ಲದೆ ನಿಶ್ಚಯಿಸುವನು. ಮನೆಯಲ್ಲಿಯೇ ವಾಹನಕ್ಕೆ ಎನಾಮಲ್ ಬಣ್ಣ ಬಳಿಯಹೊರಟವನಿಗೆ ಬೇಕಾದದ್ದೂ ಇದೇ ವಿದ್ಯೆ. ಬಣ್ಣ ಯಾವ ಡಬ್ಬದ್ದು, ರೋಲರ್ ಎಷ್ಟು ಬೆಲೆಯದ್ದು ಎಂಬುದಕ್ಕಿಂತ, ಆ ಬಣ್ಣಕ್ಕೆ ಏನನ್ನು ಎಷ್ಟು ಬೆರೆಸಿದನು, ಬೆರೆಸಿದ ಮೇಲೆ ಎಷ್ಟು ತೆಳ್ಳಗೆ ಹಚ್ಚಿದನು, ಹಚ್ಚಿದ ಮೇಲೆ ಎಷ್ಟು ಕಾದನು ಎಂಬುದರ ಮೇಲೆಯೇ ಕೆಲಸದ ಶುಭಾಶುಭಗಳು ನಿಂತಿವೆ.

ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಹಲಗೂರನ್ನು ಬಿಟ್ಟು ಕಾಡಿನ ದಾರಿ ಹಿಡಿದು ಹೊಳೆಯ ಕಡೆಗೆ ಇಳಿದರೆ ಮುತ್ತತ್ತಿ ಸಿಕ್ಕುತ್ತದೆ. ಸೀತಾದೇವಿಯ ಮುತ್ತಿನ ಮೂಗುತಿ ಕಾವೇರಿಯ ಮಡುವಿಗೆ ಬೀಳಲು, ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂಬ ಐತಿಹ್ಯವುಳ್ಳ ಈ ಊರಿನ ಮುತ್ತತ್ತಿರಾಯನ ಹೆಸರನ್ನೇ ಡಾ. ರಾಜ್‌ಕುಮಾರರಿಗೆ ತಂದೆತಾಯಿಗಳು ಮುತ್ತುರಾಜನೆಂದು ಇಟ್ಟಿದ್ದರು. ಇಂಥ ಊರಿನಲ್ಲಿ ನನ್ನ ಸೋದರಮಾವನ ಮನೆಯ ಹಿತ್ತಲಲ್ಲಿ ಬಹುಕಾಲ ನಿಂತಿದ್ದ ಹಳೆಯ ಮಹೀಂದ್ರ ಜೀಪಿಗೆ ನಾನು ಬಣ್ಣ ಬಳಿದೆನು. ಗ್ಯಾರೇಜು ದೂರ, ಗಾಳಿಯ ಕಂಪ್ರೆಸರ್ ಇಲ್ಲ, ಕರೆಂಟಿನ ಭರವಸೆಯೂ ಅಷ್ಟಕ್ಕಷ್ಟೆ. ಹೀಗಿದ್ದುದರಿಂದ ಕೈರೋಲರಿನಿಂದ ಎನಾಮಲ್ ಬಳಿಯುವ ಮಾರ್ಗವನ್ನು ಹಿಡಿಯಬೇಕಾಯಿತು. ಮೊದಲ ಪ್ರಯತ್ನ ಕೆಟ್ಟಿತು, ಎರಡನೆಯದು ಕೈಗೂಡಿತು. ಇವೆರಡರ ನಡುವೆ ಕಲಿತದ್ದನ್ನು, ಅದೇ ದಾರಿಯಲ್ಲಿ ಹೊರಟಿರುವ ಓದುಗರಿಗೆ ಒದಗಲೆಂದು ಇಲ್ಲಿ ಬರೆದಿದ್ದೇನೆ.

ಮೊಟ್ಟಮೊದಲು ಎನಾಮಲ್ ಎಂಬುದು ಹೇಗೆ ಒಣಗುವುದೆಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಉಳಿದ ನಿಯಮಗಳೆಲ್ಲವೂ ಇದೊಂದರಿಂದಲೇ ಹುಟ್ಟುತ್ತವೆ. ಅಂಗಡಿಯಲ್ಲಿ ಸಿಂಥೆಟಿಕ್ ಎನಾಮಲ್ ಎಂದು ಮಾರುವ ಬಣ್ಣದ ಜೀವಾಳ ಆಲ್ಕೈಡ್ ಎಂಬ ರಾಳ. ಆಲ್ಕೋಹಾಲ್ ಮತ್ತು ಆಸಿಡ್ ಎಂಬ ಎರಡು ಪದಗಳನ್ನು ಬೆಸೆದು 1920ರ ದಶಕದಲ್ಲಿ ರಸಾಯನಶಾಸ್ತ್ರಜ್ಞರು ಕಟ್ಟಿದ ಹೆಸರು ಅದು. ಈ ರಾಳದೊಳಗೆ ಅಗಸೆ, ಸೋಯಾ ಮೊದಲಾದ ಒಣಗುವ ಜಾತಿಯ ಎಣ್ಣೆ ಸೇರಿರುತ್ತದೆ. ಹರಳೆಣ್ಣೆಯನ್ನು ಬಾಗಿಲಿಗೆ ಬಳಿದರೆ ವರ್ಷ ಕಳೆದರೂ ಜಿಡ್ಡಾಗಿಯೇ ಉಳಿಯುವುದು. ಅಗಸೆ ಎಣ್ಣೆಯಾದರೋ ಕೆಲವು ದಿನಗಳಲ್ಲಿ ಪೊರೆಗಟ್ಟಿ ಗಟ್ಟಿಯಾಗುವುದು, ಏಕೆಂದರೆ ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ತನ್ನ ಕಣಗಳನ್ನು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಎನಾಮಲ್ ಗಟ್ಟಿಯಾಗುವುದೂ ಇದೇ ಬಗೆಯಲ್ಲಿ. ಆ ಹೆಣಿಗೆಯನ್ನು ತ್ವರೆಗೊಳಿಸಲು ಕೋಬಾಲ್ಟ್ ಮುಂತಾದ ಲೋಹಗಳ ಲವಣಗಳನ್ನು ತಯಾರಕರು ಮೊದಲೇ ಸೇರಿಸಿರುತ್ತಾರೆ. ಹಾಗಾದ ಮೇಲೆ, ನಾವು ಬೆರೆಸುವ ಥಿನ್ನರು ಹಾರಿಹೋದಾಗ ಮುಗಿಯುವುದು ಕೆಲಸದ ಮೊದಲನೆಯ ಘಟ್ಟ ಮಾತ್ರ. ನಿಜವಾದ ಒಣಗುವಿಕೆ ಅಲ್ಲಿಂದಾಚೆಗೆ ಆರಂಭವಾಗುತ್ತದೆ. ದಪ್ಪಗೆ ಬಳಿದ ಪದರದ ಮೇಲ್ಮೈಯು ಗಾಳಿ ಕುಡಿದು ಬಲಿತು, ಒಳಗಿನ ಬಣ್ಣಕ್ಕೆ ಗಾಳಿ ಎಟುಕದಂತೆ ಮುಚ್ಚಳ ಹಾಕಿಬಿಡುತ್ತದೆ. ಮೇಲೆ ಒಣಗಿದಂತೆ ತೋರಿ, ಬೆರಳೊತ್ತಿದರೆ ಗುರುತು ಮೂಡುವ, ಬಿಸಿಲಿಗೆ ಸುಕ್ಕುಗಟ್ಟುವ ಬಣ್ಣದ ಕಥೆಯೆಲ್ಲ ಇಷ್ಟೆ.

ನಮ್ಮ ಗ್ಯಾರೇಜುಗಳಲ್ಲಿ ಡ್ಯೂಕೋ ಎಂದೂ ಎನ್‌ಸಿ ಎಂದೂ ಕರೆಯುವ ನೈಟ್ರೋಸೆಲ್ಯುಲೋಸ್ ಬಣ್ಣದ ಸ್ವಭಾವ ಇದಕ್ಕೆ ತೀರ ಬೇರೆಯಾದುದು. ಅದು ಕೇವಲ ಥಿನ್ನರು ಹಾರಿಹೋಗುವುದರಿಂದಲೇ ಒಣಗುವುದು. ಆದ್ದರಿಂದಲೇ ನಿಮಿಷಗಳಲ್ಲಿ ಒಣಗುವುದು, ಮತ್ತು ಒಣಗಿ ವರ್ಷಗಳಾದ ಮೇಲೂ ಅದರ ಥಿನ್ನರನ್ನು ಸೋಕಿಸಿದರೆ ಪುನಃ ಕರಗುವುದು. ಮೂರನೆಯದು ಪಿಯು ಅಥವಾ ಟೂಕೆ ಎನ್ನುವ, ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣ. ಹೊಳಪಿನಲ್ಲಿಯೂ ಬಾಳಿಕೆಯಲ್ಲಿಯೂ ಅದು ಮಿಗಿಲೆಂಬುದು ನಿಜ. ಆದರೆ ಆ ಹಾರ್ಡನರಿನಲ್ಲಿರುವ ಐಸೋಸೈನೇಟುಗಳ ತುಂತುರು ಶ್ವಾಸಕೋಶಗಳಿಗೆ ಗಂಭೀರವಾದ ಅಪಾಯವನ್ನು ತರತಕ್ಕದ್ದು. ಹೊರಗಿನ ಶುದ್ಧವಾಯುವನ್ನು ಕೊಳವೆಯ ಮೂಲಕ ಒದಗಿಸುವ ಮುಖವಾಡವಿಲ್ಲದೆ ಅದನ್ನು ಮನೆಯಂಗಳದಲ್ಲಿ ಹೊಡೆಯಲೇಕೂಡದು. ಮೂಗಿಗೆ ಟವೆಲು ಕಟ್ಟಿಕೊಂಡರೆ ಸಾಕೆಂಬ ಮಾತನ್ನು ನಂಬುವುದು ಬೇಡ.

ಇನ್ನು ಆಯ್ಕೆಯ ವಿಚಾರ. ಹೊಸ ಬಣ್ಣವನ್ನು ಕೊಳ್ಳುವ ಮುನ್ನ ಹಳೆಯ ಬಣ್ಣವನ್ನು ವಿಚಾರಿಸಬೇಕು. ಬಿಳಿಯ ಬಟ್ಟೆಯ ತುಂಡನ್ನು ಎನ್‌ಸಿ ಥಿನ್ನರಿನಲ್ಲಿ ಅದ್ದಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಉಜ್ಜಿದರೆ, ಬಣ್ಣ ಕರಗಿ ಬಟ್ಟೆಗೆ ಹತ್ತಿದಲ್ಲಿ ಅದು ಎನ್‌ಸಿ. ಮೆತ್ತಗಾಗಿ ಸುಕ್ಕಾದಲ್ಲಿ ಎನಾಮಲ್. ಏನೂ ಆಗದೆ ಹೋದಲ್ಲಿ ಕಾರ್ಖಾನೆಯಲ್ಲಿ ಕಾಯಿಸಿ ಒಣಗಿಸಿದ ಬಣ್ಣ ಅಥವಾ ಹಾರ್ಡನರಿನದು. ಸೌಮ್ಯವಾದ ಟರ್ಪೆಂಟೈನಿನಿಂದ ತೆಳುಮಾಡಿದ ಎನಾಮಲನ್ನು ಚೆನ್ನಾಗಿ ಉಜ್ಜಿದ ಈ ಮೂರರ ಮೇಲೆಯೂ ಬಳಿಯಬಹುದು. ಆದರೆ ಎನಾಮಲಿನ ಮೇಲೆ ತೀಕ್ಷ್ಣವಾದ ಎನ್‌ಸಿಯನ್ನು ಎಂದಿಗೂ ಹಾಕಬಾರದು, ಅದು ಕೆಳಗಿನ ಪೊರೆಯನ್ನು ಕಿತ್ತೆಬ್ಬಿಸಿಬಿಡುತ್ತದೆ.

ಎನಾಮಲಿನಲ್ಲಿಯೂ ಭೇದಗಳುಂಟು. ಬೇಗ ಒಣಗುವ, ಕ್ಯೂಡಿ ಎಂದು ಅಂಗಡಿಯವರು ಕರೆಯುವ ಬಗೆಯಲ್ಲಿ ಎಣ್ಣೆಯ ಅಂಶ ಕಡಿಮೆ. ಅದಕ್ಕೆ ಸೈಲೀನಿನಂಥ ತೀಕ್ಷ್ಣತರವಾದ ಥಿನ್ನರು ಬೇಕು, ಮತ್ತು ಅದು ಗನ್ನಿನಿಂದ ಹೊಡೆಯುವವರಿಗೆ ತಕ್ಕದ್ದು. ರೋಲರ್ ಹಿಡಿದವನಿಗೆ ಎಣ್ಣೆಯಂಶ ಹೆಚ್ಚಿರುವ, ನಿಧಾನವಾಗಿ ಒಣಗುವ ಸಾಮಾನ್ಯ ಗ್ಲಾಸ್ ಎನಾಮಲೇ ಲೇಸು, ಏಕೆಂದರೆ ರೋಲರಿನ ಗುಳ್ಳೆಗಳು ಒಡೆದು, ಏರುತಗ್ಗುಗಳು ತಾವಾಗಿಯೇ ಸಮಗೊಳ್ಳಲು ಆ ನಿಧಾನವೇ ಅವಕಾಶ ಕೊಡುವುದು. ಹೊರಾಂಗಣಕ್ಕೆಂದು ನಮೂದಿಸಿರುವ ಡಬ್ಬವನ್ನೇ ಕೇಳಿ ತೆಗೆದುಕೊಳ್ಳಬೇಕು. ಬಿಳಿಯ ಎನಾಮಲು ಬೆಳಕು ಕಾಣದ ಕೊಟ್ಟಿಗೆಯಲ್ಲಿ ಹಳದಿಗೆ ತಿರುಗುವುದು. ಗಾಢವರ್ಣಗಳು ತಗಡಿನ ಒಂದೊಂದು ತಗ್ಗನ್ನೂ ಎತ್ತಿ ತೋರಿಸುವುವು. ಬೆಳ್ಳಿಯಂತೆ ಮಿನುಗುವ ಮೆಟಾಲಿಕ್ ಬಣ್ಣಗಳು ರೋಲರಿನಲ್ಲಿ ಪಟ್ಟೆಪಟ್ಟೆಯಾಗುವುವು. ತಿಳಿಯಾದ ಕೆನೆಬಣ್ಣವನ್ನು ನಾನು ಆರಿಸಿದೆನು. ಇಂದಿಗೂ ಅದನ್ನೇ ಇತರರಿಗೆ ಸೂಚಿಸುತ್ತೇನೆ. ಜೀಪಿನ ಗಾತ್ರದ ವಾಹನಕ್ಕೆ, ಆರು ತೆಳುಪದರಗಳಿಗೆ, 4 ಲೀಟರಿನ ಒಂದು ಡಬ್ಬ ಸಾಕಾಗಿ ಸ್ವಲ್ಪ ಉಳಿಯಿತು.

ಬಣ್ಣದ ಉದ್ಯಮ ನಮ್ಮ ನಾಡಿಗೆ ಹೊಸತೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಕಾಡಿನ ಅರಗನ್ನು ಬಳಸಿ ಬಣ್ಣ, ಮೆರುಗೆಣ್ಣೆಗಳನ್ನು ಮಾಡಲೆಂದು ಮೈಸೂರಿನಲ್ಲಿ ಸ್ಥಾಪಿತವಾದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. 1962ರ ಮಹಾಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ ಅದರ ಹೆಸರು ಪ್ರಸಿದ್ಧವಾಗಿರುವುದಾದರೂ, ಎನಾಮಲು ಪ್ರೈಮರುಗಳೂ ಅಲ್ಲಿ ತಯಾರಾಗಿವೆಯೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಈಗ ಮುಖ್ಯವಾದ ಪ್ರಕರಣಕ್ಕೆ ಬರೋಣ. ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಒಂದು ಶಬ್ದದ ದೆಸೆಯಿಂದ. ಅಂಗಡಿಯೊಂದರಲ್ಲಿ ನಾನು ‘ಥಿನ್ನರ್ ಕೊಡಿ’ ಎಂದೆನೇ ಹೊರತು ಯಾವ ಥಿನ್ನರೆಂದು ಹೇಳಲಿಲ್ಲ. ಅವರು ಯಾವ ಬಣ್ಣಕ್ಕೆಂದು ಕೇಳಲಿಲ್ಲ. ಕೊಟ್ಟದ್ದು ಎನ್‌ಸಿ ಥಿನ್ನರು. ಮೊದಲ ಪದರ ಹೇಗೋ ನಿಂತಿತು. ಮರುದಿನ ಎರಡನೆಯದನ್ನು ಬಳಿದ ಕೆಲವೇ ನಿಮಿಷಗಳಲ್ಲಿ, ಇನ್ನೂ ಬಲಿಯದ ಕೆಳಗಿನ ಪದರವೆಲ್ಲ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಸುಕ್ಕಾಗಿ ಎದ್ದಿತು. ಮೂರು ದಿನದ ಶ್ರಮವನ್ನು ಕೆರೆದು ತೆಗೆಯಲು ನಾಲ್ಕು ದಿನ ಬೇಕಾಯಿತು. ಅದಕ್ಕೂ ಮುಂಚೆ, ಬಾನೆಟ್ಟಿನ ಒಳಭಾಗದಲ್ಲಿ ಮಿತವ್ಯಯದ ಯೋಚನೆಯಿಂದ ಸೀಮೆಎಣ್ಣೆಯನ್ನು ಬೆರೆಸಿ ನೋಡಿದ್ದೆನು. ಅದು ಹಾರಿಹೋಗಲು ತಡಮಾಡಿ, ಜಿಡ್ಡನ್ನು ಉಳಿಸಿ, ಹೊಳಪನ್ನು ನುಂಗಿತ್ತು. ಪೆಟ್ರೋಲು ಬೆರೆಸುವವರೂ ಹಳ್ಳಿಗಳಲ್ಲಿ ಇದ್ದಾರೆ. ಅದು ಅತಿ ವೇಗವಾಗಿ ಹಾರಿ ರೋಲರು ಅಂಟುವಂತೆ ಮಾಡುವುದಲ್ಲದೆ, ಅದರ ಆವಿ ನೆಲದ ಮೇಲೆ ಹರಿದು ದೂರದ ಒಲೆಯ ಕಿಡಿಗೂ ಹೊತ್ತಿಕೊಳ್ಳಬಲ್ಲುದು. ಅದರ ಮಾತನ್ನು ಎತ್ತಲೇಬಾರದು. ಸಾಮಾನ್ಯ ಎನಾಮಲಿಗೆ ಬೇಕಾದುದು ಮಿನರಲ್ ಟರ್ಪೆಂಟೈನ್. ಅದನ್ನು ಹೆಸರು ಹಿಡಿದು ಕೇಳಬೇಕು, ಡಬ್ಬದ ಮೇಲೆ ಬರೆದಿರುವುದನ್ನು ಓದಿ ನೋಡಬೇಕು.

ಬೆರೆಸುವ ಮುನ್ನ ಕಲಕುವುದೊಂದಿದೆ. ಬಣ್ಣದ ಪುಡಿ ಭಾರವಾದುದರಿಂದ ಡಬ್ಬದ ತಳದಲ್ಲಿ ಗಸಿಯಾಗಿ ಕೂತಿರುತ್ತದೆ. ಡಬ್ಬವನ್ನು ಕುಲುಕಿದರೆ ಗಾಳಿಯ ಗುಳ್ಳೆ ಸೇರುವುದೇ ಹೊರತು ಗಸಿ ಏಳುವುದಿಲ್ಲ. ಚಪ್ಪಟೆಯಾದ ಬಿದಿರಿನ ದಬ್ಬೆಯಿಂದ ತಳವನ್ನು ಕೆರೆಯುತ್ತ, ದಬ್ಬೆಯ ತುದಿಗೆ ಗಟ್ಟಿ ಸಿಕ್ಕದಂತಾಗುವವರೆಗೆ, ಹತ್ತು ನಿಮಿಷವಾದರೂ ಕಲಕಬೇಕು. ಮೇಲೆ ಕೆನೆಗಟ್ಟಿದ್ದರೆ ಅದನ್ನು ಕಲಕಿ ಸೇರಿಸದೆ ಎತ್ತಿ ಬಿಸುಡಬೇಕು. ಅನಂತರ ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ, ಅಲ್ಲಿಯೇ ತೆಳುಮಾಡತಕ್ಕದ್ದು; ಮೂಲದ ಡಬ್ಬಕ್ಕೆ ಟರ್ಪೆಂಟೈನ್ ಹೊಯ್ಯುವುದು ಸರ್ವಥಾ ತಪ್ಪು. ಅಳತೆಯ ಲೋಟವೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಂದಿನ ಪಾತ್ರೆಯ ಹದಕ್ಕೂ ನಾಳಿನ ಪಾತ್ರೆಯ ಹದಕ್ಕೂ ವ್ಯತ್ಯಾಸವಾದರೆ ಬಾಗಿಲು ಒಂದು ಹೊಳಪು, ಬಾನೆಟ್ಟು ಒಂದು ಹೊಳಪು ಆಗುತ್ತದೆ. 100 ಮಿಲಿಲೀಟರು ಬಣ್ಣಕ್ಕೆ 10 ಮಿಲಿಲೀಟರು ಟರ್ಪೆಂಟೈನಿನಿಂದ ಆರಂಭಿಸಿ, ಐದೈದಾಗಿ ಏರಿಸುತ್ತ, ಪ್ರತಿಸಲವೂ ಚೆನ್ನಾಗಿ ಕಲಕಿ ಪರೀಕ್ಷಿಸುತ್ತ ಹೋಗಬೇಕು. ಬ್ರಷ್ಷಿಗೆ ಹತ್ತೇ ಸಾಕಾಗುವುದು. ಸ್ಪಂಜಿನ ರೋಲರಿಗೆ ನನ್ನ ಕೈಯಲ್ಲಿ ಹದ ಬಂದದ್ದು 25ರಲ್ಲಿ. ಡಬ್ಬದಿಂದ ಡಬ್ಬಕ್ಕೆ ಇದು ಒಂದಿಷ್ಟು ಹೆಚ್ಚು ಕಡಿಮೆಯಾಗಬಹುದು.

ಆ ಹದವನ್ನು ಗುರುತಿಸುವ ಬಗೆ ಹೇಗೆ? ಗನ್ನಿನಿಂದ ಹೊಡೆಯುವವರು ಫೋರ್ಡ್ ಕಪ್ ಎಂಬ, ತಳದಲ್ಲಿ ಸುಮಾರು 4 ಮಿಲಿಮೀಟರಿನ ರಂಧ್ರವಿರುವ ಲೋಹದ ಬಟ್ಟಲಿಗೆ ಬಣ್ಣ ತುಂಬಿ, ಅದು ಎಡೆಬಿಡದ ಧಾರೆಯಾಗಿ ಸುರಿದು ಕಡಿಯುವವರೆಗಿನ ಕಾಲವನ್ನು ಎಣಿಸುತ್ತಾರೆ; 20ರಿಂದ 25 ಸೆಕೆಂಡು ಬಂದರೆ ಗನ್ನಿಗೆ ಒಪ್ಪುವ ಹದವೆಂದು ಸಾಮಾನ್ಯವಾದ ಗಣನೆ. ಬಟ್ಟಲಿಲ್ಲದ ನಾನು ದಬ್ಬೆಯನ್ನು ಮೇಲೆತ್ತಿ ನೋಡುತ್ತಿದ್ದೆನು. ಆಲೆಮನೆಯಲ್ಲಿ ಹತ್ತಾರು ಸುಗ್ಗಿ ಕಂಡಿದ್ದ ಸೋದರಮಾವ ಪಕ್ಕದಲ್ಲಿ ಕುಳಿತು, “ಬೆಲ್ಲದ್ ಪಾಕ ನೋಡ್ದಂಗೆ ನೋಡ್ಬೇಕು ಕಣಪ್ಪ, ಆತುರ ಮಾಡಿದ್ರೆ ಕೆಡ್ತದೆ” ಎನ್ನುತ್ತಿದ್ದರು. “ದಾರ ಎಲ್ಲಿ ಕಡೀತದೆ ಅಂತ ಕಣ್ಣಿಟ್ಟಿರು.” ಅವರ ಮಾತು ಅಕ್ಷರಶಃ ಸತ್ಯವಾಗಿತ್ತು. ತೆಳುಮಾಡದ ಬಣ್ಣ ದಬ್ಬೆಯಿಂದ ಕಡಿಯದ ದಾರವಾಗಿ, ಜೇನಿನಂತೆ, ಮಡಿಕೆ ಮಡಿಕೆಯಾಗಿ ಬೀಳುವುದು. ಬ್ರಷ್ಷಿನ ಹದಕ್ಕೆ ಬಂದಾಗ ಆ ಮಡಿಕೆ ಪಾತ್ರೆಯಲ್ಲಿ ಒಡನೆ ಕರಗುವುದು. ರೋಲರಿನ ಹದಕ್ಕೆ ಬಂದಾಗ ದಾರವು ಎರಡು ಮೂರು ಸೆಕೆಂಡು ನಿಂತು, ಆಮೇಲೆ ಕಡಿದು ತೊಟ್ಟಿಕ್ಕುವುದು, ಮತ್ತು ದಬ್ಬೆಯ ಮೇಲೆ ಗಟ್ಟಿ ಕಾಯಿಹಾಲಿನಂತೆ ಒಂದೇ ಸಮನಾದ ಲೇಪ ಉಳಿಯುವುದು. ದಬ್ಬೆಯ ಮರ ಕಾಣತೊಡಗಿತೆಂದರೆ ಹದ ಮೀರಿತು. ಹದ ಮೀರಿದ ಬಣ್ಣ ತಳವನ್ನು ಮುಚ್ಚದು, ನೆಟ್ಟಗಿನ ಬಾಗಿಲುಗಳ ಮೇಲೆ ಕಣ್ಣೀರಿನಂತೆ ಇಳಿಯುವುದು, ಒಣಗಿದ ಮೇಲೆ ಹೊಳಪು ಸಾಲದೆ ಹೋಗುವುದು. ಹದಕ್ಕೆ ಬಾರದ ಬಣ್ಣವೋ, ಕಿತ್ತಳೆಯ ಸಿಪ್ಪೆಯಂತೆ ಗುಳಿಗುಳಿಯಾಗಿ ನಿಲ್ಲುವುದು. ಬಿಸಿಲೇರಿದಂತೆ ಬಣ್ಣ ತಾನಾಗಿಯೇ ತೆಳ್ಳಗಾಗುವುದರಿಂದ ಬೆಳಗ್ಗೆ ಬೆರೆಸಿದ ಹದವನ್ನು ಮಧ್ಯಾಹ್ನ ಇನ್ನೊಮ್ಮೆ ನೋಡಿಕೊಳ್ಳಬೇಕು. ಕಡೆಯದಾಗಿ, ಹಳೆಯ ಪಂಚೆಯ ಎರಡು ಮಡಿಕೆಯಲ್ಲಿ ಸೋಸದೆ ಯಾವ ಬಣ್ಣವನ್ನೂ ಬಳಿಯಬಾರದು.

ಬಳಿಯುವ ಕ್ರಮದಲ್ಲಿ ಹೇಳಬೇಕಾದುದು ಸ್ವಲ್ಪವೇ. ತುಕ್ಕನ್ನು ಬರಿಯ ತಗಡು ಕಾಣುವವರೆಗೆ ತೆಗೆದು, ಅಲ್ಲಿಗೆ ರೆಡ್ ಆಕ್ಸೈಡ್ ಪ್ರೈಮರನ್ನು ಹಚ್ಚಿ, ತಗ್ಗುಗಳಿಗೆ ಪುಟ್ಟಿ ತುಂಬಿ, ಇಡೀ ಮೈಯನ್ನು ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಉಜ್ಜಬೇಕು. ಒದ್ದೆಯಾಗಿಯೇ ಎಂಬುದಕ್ಕೆ ಬಲವಾದ ಕಾರಣವಿದೆ: ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು, ಅದರ ಒಣಧೂಳು ವಿಶೇಷವಾಗಿ ಮಕ್ಕಳಿಗೆ ವಿಷ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗದೊಳಗೆ ಇರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಉಜ್ಜಿದ ಮೇಲೆ ಟರ್ಪೆಂಟೈನಿನ ಬಟ್ಟೆಯಿಂದ ಜಿಡ್ಡು ಒರೆಸಿ, ಸಣ್ಣ ಸ್ಪಂಜಿನ ರೋಲರಿನಿಂದ ಒಂದು ಬಾಗಿಲು, ಒಂದು ಮಡ್‌ಗಾರ್ಡು ಎಂಬಂತೆ ಭಾಗ ಭಾಗವಾಗಿ ಬಳಿದು, ಕಡೆಗೆ ರೋಲರನ್ನು ಒತ್ತದೆ ಅದರ ಭಾರದಿಂದಲೇ ಒಂದೇ ದಿಕ್ಕಿಗೆ ಎಳೆದುಬಿಡಬೇಕು. ಮೊದಲ ಪದರದಲ್ಲಿ ಕೆಳಗಿನ ಬಣ್ಣ ಇಣುಕುತ್ತದೆ, ಎರಡನೆಯದರಲ್ಲಿಯೂ ಇಣುಕಬಹುದು. ಅದನ್ನು ಕಂಡು ಮನಸ್ಸು ಕೆಡಿಸಿಕೊಂಡು ದಪ್ಪಗೆ ಬಳಿಯುವ ಆಶೆಗೆ ಬೀಳಬಾರದು. ನನ್ನ ಕೆಲಸದಲ್ಲಿ ಮೂರನೆಯ ಪದರಕ್ಕೆ ಹಳೆಯ ಬಣ್ಣ ಮರೆಯಾಯಿತು, ಆರನೆಯದಕ್ಕೆ ನಿಲ್ಲಿಸಿದೆನು.

ಪದರಕ್ಕೂ ಪದರಕ್ಕೂ ಒಂದು ಪೂರ್ಣ ದಿನದ ಅಂತರ ಬೇಕು. ಚಳಿಯಲ್ಲಿ ಎರಡು ದಿನ. ಎರಡೆರಡು ಪದರಕ್ಕೊಮ್ಮೆ 600ರ ವಾಟರ್ ಪೇಪರಿನಿಂದ, ಕಡೆಗಡೆಗೆ 1000ದಿಂದ, ನಾಲ್ಕು ತೊಟ್ಟು ಸೋಪಿನ ನೀರಿನಲ್ಲಿ ಹಗುರವಾಗಿ ಉಜ್ಜುವುದು. ಉಜ್ಜುವಾಗ ಪೇಪರಿಗೆ ಬಣ್ಣ ಮುದ್ದೆಯಾಗಿ ಅಂಟಿದರೆ ಒಳಗಿನ್ನೂ ಹಸಿಯಿದೆಯೆಂದು ತಿಳಿದು ಕೈಬಿಡಬೇಕು. ಹಾಲಿನಂಥ ನೀರು ಇಳಿದರೆ ಮುಂದುವರಿಯಬಹುದು. ಕೊನೆಯ ಪದರ ಬಳಿದು ಎರಡು ವಾರ ಕಳೆದ ಮೇಲೆ 1500, 2000ದ ಪೇಪರುಗಳಿಂದ ಉಜ್ಜಿ, ಪಾಲಿಶ್ ಕಾಂಪೌಂಡಿನಿಂದ ತಿಕ್ಕಿದಾಗ, ರೋಲರಿನ ಕೆಲಸವೆಂದು ಹೇಳಲಾಗದಂಥ ನುಣುಪು ಬರುತ್ತದೆ. ಮೇಣದ ಪಾಲಿಶನ್ನು ಇನ್ನೂ ಒಂದು ತಿಂಗಳು ಮುಂದಕ್ಕೆ ಹಾಕುವುದು ಮೇಲು. ಬಣ್ಣ ಇನ್ನೂ ಗಾಳಿ ಕುಡಿಯುತ್ತಲೇ ಇರುತ್ತದೆ.

ಸ್ಥಳ ಮತ್ತು ಋತುವಿನ ವಿಚಾರದಲ್ಲಿ ಮುತ್ತತ್ತಿ ನನಗೆ ಕಲಿಸಿದ ಪಾಠಗಳು ಬೇರೆಯೇ. ಹೊಳೆಯ ದಂಡೆಯ ಮತ್ತಿಮರಗಳ ತಂಪು ಮನಸ್ಸಿಗೆ ಹಿತವಾದರೂ, ಮರದಡಿಯಲ್ಲಿ ಬಣ್ಣ ಬಳಿಯುವುದೆಂದರೆ ಎಲೆ, ಹೂ, ಹುಳು, ಹಕ್ಕಿಗಳ ಹಿಕ್ಕೆ ಎಲ್ಲವನ್ನೂ ಬಣ್ಣದೊಳಗೆ ಬರಮಾಡಿಕೊಂಡಂತೆ. ಕಣಿವೆಯಲ್ಲಿ ಇಬ್ಬನಿ ಬೇಗ ಇಳಿಯುತ್ತದೆ, ಬೆಳಗ್ಗೆ ತಡವಾಗಿ ಆರುತ್ತದೆ. ಹಸಿ ಎನಾಮಲಿನ ಮೇಲೆ ಇಬ್ಬನಿ ಕುಳಿತರೆ ಮರುದಿನ ಹೊಳಪೆಲ್ಲ ಮಾಸಿ ಬೂದಿ ಬಳಿದಂತೆ ಕಾಣುವುದು. ಆದುದರಿಂದ ಬೆಳಗ್ಗೆ ಹತ್ತಕ್ಕೆ ಆರಂಭಿಸಿ, ಮಧ್ಯಾಹ್ನ ಒಂದೆರಡರೊಳಗೆ ಕೈತೊಳೆದುಕೊಂಡು, ಬಣ್ಣ ಬೆರಳಿಗೆ ಅಂಟದಷ್ಟಾದರೂ ಸಂಜೆಯೊಳಗೆ ಬಲಿಯುವಂತೆ ನೋಡಿಕೊಳ್ಳಬೇಕು. ಮಳೆಗಾಲದ ಮಾತೇ ಬೇಡ. ಹಿಂಗಾರು ಕಳೆದ ಮೇಲಿನ ಜನವರಿಯ ಕೊನೆಯಿಂದ ಮಾರ್ಚಿಯವರೆಗಿನ ಕಾಲ ಪ್ರಶಸ್ತ. ಮುತ್ತತ್ತಿರಾಯನ ದರ್ಶನಕ್ಕೆ ಶನಿವಾರ ಭಾನುವಾರಗಳಲ್ಲಿ ಬರುವ ವಾಹನಗಳಿಂದ ಏಳುವ ಧೂಳನ್ನು ಕಂಡು, ಬಳಿಯುವ ಕೆಲಸವನ್ನು ವಾರದ ನಡುವಣ ದಿನಗಳಿಗೆ ಇಟ್ಟುಕೊಂಡು, ಉಜ್ಜುವುದನ್ನು ವಾರಾಂತ್ಯಕ್ಕೆ ಬಿಟ್ಟೆನು. ಎಲ್ಲಕ್ಕಿಂತಲೂ ಮಿಗಿಲಾಗಿ ಇಲ್ಲಿ ಕೋತಿಗಳುಂಟು. ನಾಲ್ಕು ಗಳು ನೆಟ್ಟು, ಮೇಲೆ ಟಾರ್ಪಾಲು ಕಟ್ಟಿ, ಸುತ್ತ ಸೊಳ್ಳೆಯ ಪರದೆ ಇಳಿಬಿಟ್ಟು, ಬಣ್ಣ ಆರುವವರೆಗೆ ಮನೆಯವರೊಬ್ಬರು ಕೋಲು ಹಿಡಿದು ಕಾವಲಿರಬೇಕಾಯಿತು. ಟಾರ್ಪಾಲಿನ ಎರಡು ಬದಿ ತೆರೆದಿರಲೇಬೇಕು. ಗಾಳಿಯಾಡದಿದ್ದರೆ ಬಣ್ಣವೂ ಒಣಗದು, ಟರ್ಪೆಂಟೈನಿನ ಆವಿಯಿಂದ ಬಳಿಯುವವನಿಗೆ ತಲೆ ಸುತ್ತುವುದು.

ಕಾನೂನಿನ ಎರಡು ಮಾತು. ವಾಹನದ ಬಣ್ಣ ನೋಂದಣಿ ಪತ್ರದಲ್ಲಿ ನಮೂದಾಗಿರುವುದರಿಂದ, ಬೇರೆ ಬಣ್ಣಕ್ಕೆ ಬದಲಾಯಿಸುವವರು ಆರ್‌ಟಿಒ ಕಚೇರಿಯ ಒಪ್ಪಿಗೆ ಪಡೆದು ಪತ್ರದಲ್ಲಿ ತಿದ್ದಿಸಿಕೊಳ್ಳಬೇಕು. ಜೀಪು ಇರುವವರಿಗೆ ಸೇನೆಯ ಹಸಿರಿನ ಮೇಲೆ ಮೋಹವಿರುವುದು ಸಹಜ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು.

ಎನಾಮಲು ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಗಾಳಿ ಕುಡಿದು ಗಟ್ಟಿಯಾಗುವ ಎಣ್ಣೆ ಆ ಕ್ರಿಯೆಯಲ್ಲಿ ಶಾಖವನ್ನು ಹುಟ್ಟಿಸುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಗೆ ಹೋಗಲಾರದೆ ಹೆಚ್ಚಿ, ಕಿಡಿಯ ಸೋಂಕಿಲ್ಲದೆ ತಾನಾಗಿಯೇ ಬೆಂಕಿ ಹೊತ್ತುವುದುಂಟು. ಬಟ್ಟೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಬೇಕು. ಉಜ್ಜಿದ ನೀರನ್ನಾಗಲಿ, ರೋಲರ್ ತೊಳೆದ ಟರ್ಪೆಂಟೈನನ್ನಾಗಲಿ ಹೊಳೆಗೆ ಬಿಡುವ ಯೋಚನೆಯೂ ಬರಕೂಡದು. ಈ ದಂಡೆಯ ಕಾಡು 1987ರಿಂದ ಕಾವೇರಿ ವನ್ಯಧಾಮ. ಈ ನೀರಿನಲ್ಲಿರುವ ಡುಬ್ಬದ ಮಹಶೀರ್ ಮೀನು ಕಾವೇರಿಯ ನೀರನ್ನು ಬಿಟ್ಟರೆ ಜಗತ್ತಿನ ಬೇರಾವ ನದಿಯಲ್ಲಿಯೂ ಸಹಜವಾಗಿ ಇಲ್ಲದ, ಅಳಿವಿನ ಅಂಚಿಗೆ ಬಂದಿರುವ ಜೀವಿ. ಉಜ್ಜಿದ ನೀರನ್ನು ನಾನು ಬಕೆಟ್ಟಿನಲ್ಲಿ ಹಿಡಿದು, ಗಸಿ ಕೂರಲು ಬಿಟ್ಟು, ಆ ಗಸಿಯನ್ನು ಒಣಗಿಸಿ ಕಟ್ಟಿ ಊರಾಚೆಗೆ, ಪಟ್ಟಣದ ಕಸದ ವ್ಯವಸ್ಥೆಗೆ ಒಯ್ದೆನು. ತೊಳೆದ ಟರ್ಪೆಂಟೈನನ್ನು ಗಾಜಿನ ಜಾಡಿಯಲ್ಲಿ ಮುಚ್ಚಿಟ್ಟರೆ ಒಂದು ವಾರದಲ್ಲಿ ಬಣ್ಣ ತಳಕ್ಕಿಳಿದು ಮೇಲೆ ತಿಳಿಯಾಗುವುದು; ಆ ತಿಳಿಯನ್ನು ಬಗ್ಗಿಸಿಕೊಂಡು ಮತ್ತೆ ರೋಲರ್ ತೊಳೆಯಲು ಬಳಸಬಹುದು, ಆದರೆ ಬಣ್ಣಕ್ಕೆ ಬೆರೆಸಬಾರದು. ತೆಳುಮಾಡದೆ ಉಳಿದ ಬಣ್ಣವನ್ನು ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಿ, ಬಿರಡೆ ಬಿಗಿದು, ಬಣ್ಣದ ಹೆಸರನ್ನೂ ಬಳಿದ ತಾರೀಖನ್ನೂ 100ಕ್ಕೆ 25 ಎಂಬ ಲೆಕ್ಕವನ್ನೂ ಚೀಟಿಯಲ್ಲಿ ಬರೆದು ಅಂಟಿಸಿ, ಸೋದರಮಾವನ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದೇನೆ. ಜೀಪಿನ ಎಡಬಾಗಿಲ ಅಂಚು ಲಂಟಾನದ ಪೊದೆಗೆ ಗೀರಿದಾಗಲೆಲ್ಲ ಅದನ್ನು ತೆಗೆದು, ಕಲಕಿ, ದಬ್ಬೆಯನ್ನೆತ್ತಿ ದಾರ ನೋಡಿ, ಸಣ್ಣ ಬ್ರಷ್ಷಿನಿಂದ ಮುಚ್ಚುತ್ತೇವೆ.